ಅಕ್ಕೋರು ಕೊಟ್ಟ ಪ್ರಶ್ನೆ

ಅಕ್ಕೋರು ಯಾವ ಪಕ್ಷದವರು ಎಂಬುದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹನ್ನೆರಡು ವರ್ಷದ ಪರಿಚಯ. ನಾಲ್ಕು ಚುನಾವಣೆಗಳಲ್ಲಿ ಅವರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಸುತ್ತಿದ್ದೇನೆ. ಎಲ್ಲ ಪಕ್ಷದವರ ಆಫೀಸಿನ ಮುಂದೆಯೂ ಇಳಿಸಿದ್ದೇನೆ, ಎಲ್ಲ ಕಡೆಯಿಂದಲೂ ಅದೇ ಮುಖ ಹೊತ್ತು ಹೊರಬರುವುದನ್ನು ನೋಡಿದ್ದೇನೆ. ಒಮ್ಮೆ ಧೈರ್ಯ ಮಾಡಿ, "ನಿಮ್ಮ ವೋಟು ಯಾರಿಗೆ ಅಕ್ಕೋರೆ?" ಎಂದು ಕೇಳಿಯೂ ಬಿಟ್ಟೆ. "ಉತ್ತರಾ ಕೊಟ್ಟಾವ್ರಿಗೆ" ಎಂದರು. ಯಾರಾದರೂ ಕೊಟ್ಟರೇ ಎಂದರೆ, "ಇನ್ನೂ ಇಲ್ಲ" ಎಂದು ನಕ್ಕರು. ಹಾಗಾದರೆ ಅವರು ವೋಟು ಹಾಕುತ್ತಿದ್ದರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಅವರು ತೀರಿಕೊಂಡು ಒಂದೂವರೆ ತಿಂಗಳಾಯಿತು. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ, ನಿಮಗೇ ಅವರು ಹೆಚ್ಚು ಗೊತ್ತಿದ್ದದ್ದು ಎಂದು ಸಂಪಾದಕರು ಫೋನ್ ಮಾಡಿದರು. ಒಪ್ಪಿಕೊಂಡೆ. ಬರೆಯಲು ಕೂತ ಮೇಲೆ ತಿಳಿಯಿತು, ನನಗೆ ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದೇ ಜಾಸ್ತಿ. ಹೆಸರು ಬರೆಯುವುದಿಲ್ಲ. ಸನ್ಮಾನ ಎಂದು ವೇದಿಕೆಗೆ ಕರೆದರೆ ಅಡುಗೆಮನೆಗೆ ಓಡಿಹೋಗುತ್ತಿದ್ದವರು, ಅಚ್ಚಿನಲ್ಲಿ ಹೆಸರು ಕಂಡರೆ ಬೈಯುತ್ತಿದ್ದರು. ಹೇಗೂ ನಾವೆಲ್ಲ ಕರೆಯುತ್ತಿದ್ದದ್ದು ಅಕ್ಕೋರು ಎಂದೇ. ಹುಬ್ಬಳ್ಳಿ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಅಲ್ಲಿ ಪ್ರೈಮರಿ ಶಾಲೆಯಲ್ಲಿ ಹದಿನಾಲ್ಕು ವರ್ಷ ಕಲಿಸಿ, ಗಂಡನ ಜೊತೆ ಈ ದೇಶಕ್ಕೆ ಬಂದರು. ಗಂಡ ಬೇಗನೆ ತೀರಿಹೋದ ಮೇಲೆ, ನಗರದ ಪೂರ್ವ ತುದಿಯ ಸ್ಕಾರ್‌ಬರೋದಲ್ಲಿ ವಯಸ್ಸಾದವರ ಹೋಮೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತ ಒಬ್ಬಳೇ ಮಗಳನ್ನು ಬೆಳೆಸಿದರು.

ನಾನು ಅವರನ್ನು ಮೊದಲು ನೋಡಿದ್ದು ತೊಂಬತ್ತೇಳರ ಯುಗಾದಿ ಊಟದ ಸಾಲಿನಲ್ಲಿ. ನಾನೂ ನನ್ನ ಹೆಂಡತಿ ವತ್ಸಲಾಳೂ ಮೈಸೂರಿನಿಂದ ಬಂದು ಎರಡು ವರ್ಷವಾಗಿತ್ತು. ಅಲ್ಲಿ ನಾನು ಸೇತುವೆ ಕಟ್ಟುವ ಎಂಜಿನಿಯರು. ಇಲ್ಲಿ ಏರ್‌ಪೋರ್ಟ್ ಹತ್ತಿರದ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುವವನು. ನಗರದ ಪಶ್ಚಿಮಕ್ಕಿರುವ ಎರಿನ್ ಮಿಲ್ಸ್‌ನಲ್ಲಿ ಬೆಂಗಳೂರಿನ ರಾಯರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ತಟ್ಟೆ ಹಿಡಿದು ಹೋಳಿಗೆಗೆ ಕಾಯುತ್ತಿದ್ದಾಗ ಮುಂದಿದ್ದ ಹೆಂಗಸು ತಿರುಗಿ ನೋಡಿ, ಹೆಸರು ಊರು ಒಂದನ್ನೂ ವಿಚಾರಿಸದೆ, "ಎಲೆಕ್ಷನ್ನಿಗೆ ನಿಮ್ಮ ಕಡೆ ಯಾರ್‍ಯಾರು ನಿಂತಾರ, ತಮ್ಮಾ?" ಎಂದು ಕೇಳಿದರು.

"ಗೊತ್ತಿಲ್ಲ. ನಮಗೆ ಇನ್ನೂ ವೋಟಿಲ್ಲ" ಎಂದೆ.

"ವೋಟಿಲ್ಲದಿದ್ರ ಬಿಡು. ಬಾಯಿ ಐತಿಲ್ಲೋ?"

ಹೋಳಿಗೆ ತಟ್ಟೆಗೆ ಬೀಳುವಷ್ಟರಲ್ಲಿ ನನ್ನ ಫೋನ್ ನಂಬರ್ ಅವರ ಡೈರಿಯಲ್ಲಿತ್ತು.

ಅವರದು ಒಂದೇ ಪ್ರಶ್ನೆ. ಶ್ರೀಮಂತ ದೇಶಗಳು ತಮ್ಮ ನೂರು ಡಾಲರ್ ಆದಾಯದಲ್ಲಿ ಎಪ್ಪತ್ತು ಸೆಂಟನ್ನು ಬಡ ದೇಶಗಳಿಗೆ ಕೊಡಬೇಕು ಎಂದು ಬಹಳ ಹಿಂದೆ ಮಾತಾಗಿತ್ತಂತೆ, ಈ ದೇಶವೂ ತಲೆಯಾಡಿಸಿತ್ತಂತೆ. ಯಾವ ವರ್ಷವೂ ಅಷ್ಟು ಕೊಟ್ಟಿಲ್ಲ. ನೀವು ಗೆದ್ದರೆ ಕೊಡಿಸುತ್ತೀರೋ ಇಲ್ಲವೋ? ಇಷ್ಟೇ. ಚುನಾವಣೆ ಬಂತೆಂದರೆ ಇದನ್ನು ಅಭ್ಯರ್ಥಿಗಳಿಗೆ ತಾವು ಕೇಳುವುದು, ಬೇರೆಯವರಿಂದ ಕೇಳಿಸುವುದು, ಬಂದ ಉತ್ತರವನ್ನು ಬರೆದುಕೊಂಡು ಮನೆಮನೆಗೆ ಹಂಚುವುದು. ಸ್ಕಾರ್‌ಬರೋದಲ್ಲಿ ಅವರಂಥವರದೇ ಹತ್ತು ಹನ್ನೆರಡು ಜನರ ಗುಂಪೊಂದಿತ್ತು. ಮಾರ್ಗರೆಟ್ ಎಂಬ ನಿವೃತ್ತ ನರ್ಸು, ಒಬ್ಬ ಪಾದ್ರಿ, ಕಾಲೇಜು ಹುಡುಗಿಯರು ಕೆಲವರು. ಸೀರೆಯ ಮೇಲೆ ಚಳಿಗಾಲದ ಕೋಟು ತೊಟ್ಟು ಬರುತ್ತಿದ್ದವರು ಅಕ್ಕೋರೊಬ್ಬರೇ.

ಮನೆಯ ಬೆಲ್ ಒತ್ತಿದ ಕೂಡಲೇ ಅವರು ಎರಡು ಮೆಟ್ಟಿಲು ಕೆಳಗಿಳಿದು ನಿಲ್ಲುತ್ತಿದ್ದರು. ಬಾಗಿಲು ತೆರೆದವರು ತಮ್ಮನ್ನು ಮೇಲಿನಿಂದ ನೋಡಲಿ, ಅಂಜಿಕೆಯಾಗಬಾರದು ಎಂದು. ಪೆನ್ನನ್ನು ಸೀಮೆಸುಣ್ಣದ ಹಾಗೆ ಹಿಡಿಯುತ್ತಿದ್ದರು. ಇಂಗ್ಲಿಷನ್ನು ನಿಧಾನವಾಗಿ, ಒಂದೊಂದು ಪದವನ್ನೂ ತೊಳೆದು ಇಟ್ಟ ಹಾಗೆ ಮಾತಾಡುತ್ತಿದ್ದರು. ಅಭ್ಯರ್ಥಿಗಳು ನುಣುಚಿಕೊಳ್ಳಲು ನೋಡಿದರೆ ಅವರ ಬಳಿ ಒಂದೇ ಅಸ್ತ್ರ: ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಿ ಎನ್ನುವುದು. ಮಾಲ್‌ನ ಬಾಗಿಲಲ್ಲಿ ಜನರ ಕೈಕುಲುಕುತ್ತ ನಿಂತಿದ್ದ ಒಬ್ಬ ಆರಡಿ ವಕೀಲ ಅವರ ಮುಂದೆ ಕೈಕಟ್ಟಿ ನಿಂತು ಒಂದು ಉದ್ದದ ವಾಕ್ಯ ಪೂರ್ತಿ ಮಾಡಿದ್ದನ್ನು ನಾನೇ ನೋಡಿದ್ದೇನೆ. ಅದರಲ್ಲಿ ಅರ್ಥವೇನೂ ಇರಲಿಲ್ಲ. ಅಕ್ಕೋರು ಅದನ್ನು ಬರೆದುಕೊಂಡು, ಅವನಿಗೇ ಓದಿ ಹೇಳಿ, "ಇದು ಹೌದೋ, ಅಲ್ಲವೋ?" ಎಂದು ಕೇಳಿದರು. ಅವನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಬೆವರು ಒರೆಸಿಕೊಂಡ.

ನನ್ನ ಗೊಂದಲ ಶುರುವಾದದ್ದು ಅವರ ಕಾರಣ ಕೇಳಿದ ಮೇಲೆ. ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಒಂದು ಭಾನುವಾರ ಕೇಳಿದೆ. ಅವರ ಶಾಲೆಗೆ ಹೊರದೇಶದಿಂದ ಹಾಲಿನ ಪುಡಿ ಬರುತ್ತಿತ್ತಂತೆ. ದಿನಾ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಬಿಸಿನೀರಿಗೆ ಹಾಕಿ ಕಲಸಿ ಮಕ್ಕಳಿಗೆ ಕೊಡುವುದು ಇವರ ಕೆಲಸ. ಓಹೋ, ಆ ಋಣ ತೀರಿಸುತ್ತಿದ್ದಾರೆ ಎಂದುಕೊಂಡು ನಾನು ತಲೆದೂಗುವಷ್ಟರಲ್ಲಿ, "ಆ ಹಾಲು ಕುಡದು ಹುಡುಗರ ಹೊಟ್ಟಿ ಕೆಡ್ತಿತ್ತಪಾ. ಅರ್ಧಾ ನಾನ ಗಟಾರಕ್ಕ ಚೆಲ್ಲೀನಿ" ಎಂದುಬಿಟ್ಟರು.

"ಅಲ್ಲಾ ಅಕ್ಕೋರೆ, ಹಾಗಿದ್ದ ಮೇಲೆ ಇನ್ನೂ ಕೊಡಿ ಅಂತ ಯಾಕೆ ಕೇಳ್ತಿದೀರಿ?"

"ಯಾರೂ ಕೇಳದ ಇದ್ರ ಹಂಗ ಆಗ್ತೈತಿ. ತಮಗ ಬ್ಯಾಡಾಗಿದ್ದು ಕಳಸ್ತಾರ. ನಾವು ಬಾಯಿ ಬಿಟ್ಟು ಕೇಳಿದ್ರ, ನಿಮಗ ಏನು ಬೇಕ್ರೆವಾ ಅಂತ ಅವರೂ ಒಂದಿನ ತಿರುಗಿ ಕೇಳ್ಯಾರು."

ಆ ವಾರವೆಲ್ಲ ಗೋದಾಮಿನಲ್ಲಿ ಲೇಬಲ್ ಅಂಟಿಸುತ್ತ ಇದನ್ನೇ ಯೋಚಿಸಿದೆ. ಅರ್ಧ ಸರಿ ಅನ್ನಿಸಿತು. ಈಗಲೂ ಅರ್ಧವೇ.

ಮನೆ ಮಾಲೀಕ ರಾಯರಿಗೆ ಇದು ಅರ್ಧವೂ ಸರಿ ಕಾಣುತ್ತಿರಲಿಲ್ಲ. "ಅಲ್ರೀ, ನಾವೇ ಆ ಬಡ ದೇಶದಿಂದ ಬಂದೋರು. ಇಲ್ಲಿ ಮನೆ ತಗೊಂಡು, ಎರಡು ಕಾರಿಟ್ಕೊಂಡು, ಅಲ್ಲಿಗೆ ದಾನ ಮಾಡಿ ಅಂತ ಬಿಳಿಯರ ಬಾಗಿಲು ತಟ್ಟೋದು ಅಂದ್ರೆ? ನಮ್ಮ ಮಾನ ನಾವೇ ಹರಾಜಿಗಿಟ್ಟ ಹಾಗೆ ಅಲ್ವಾ?" ಎನ್ನುತ್ತಿದ್ದರು. ಅಕ್ಕೋರು ಪೂರ್ತಿ ಕೇಳಿಸಿಕೊಂಡು, "ನೀವು ಹೇಳೂದೂ ಖರೇ ಇರಬಹುದು ರಾಯರ. ಚಾ ಐತೇನ್ರಿ?" ಎಂದು ಕೇಳುವರು. ಅಲ್ಲಿಗೆ ವಾದ ಮುಗಿಯಿತು. ರಾಯರು ಮಾತಾಡುವಾಗ ನನಗೆ ರಾಯರೇ ಸರಿ ಅನ್ನಿಸುತ್ತಿತ್ತು, ಅಕ್ಕೋರು ಚಹಾ ಕುಡಿಯುತ್ತ ಸುಮ್ಮನೆ ಕೂತಾಗ ಅಕ್ಕೋರೇ ಸರಿ ಅನ್ನಿಸುತ್ತಿತ್ತು.

ಆದರೂ ರಾಯರು ಒಳ್ಳೆಯವರು. ಅಕ್ಕೋರ ಪ್ರಶ್ನೆಯ ಕಾರ್ಡನ್ನು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದರು, ಅಭ್ಯರ್ಥಿ ಬಂದರೆ ಕೇಳುತ್ತೇನೆ ಎಂದು ಮಾತೂ ಕೊಟ್ಟಿದ್ದರು. ಮೊದಲ ಅಭ್ಯರ್ಥಿ ಬಂದಾಗ ಒಳಗೆ ಕರೆದು, ಬೂಟು ಬಿಚ್ಚಿಸಿ, ಸೋಫಾದಲ್ಲಿ ಕೂರಿಸಿ, ಕಾಫಿ ಕೋಡುಬಳೆ ಕೊಟ್ಟರು. ಆತ ಕೋಡುಬಳೆ ಚೆನ್ನಾಗಿದೆ ಎಂದ. ನಿಮ್ಮ ಹುಲ್ಲುಹಾಸಿನ ಮೇಲೆ ನನ್ನ ಹೆಸರಿನ ಬೋರ್ಡು ನೆಡಬಹುದೇ ಎಂದ. ರಾಯರು ಹೂಂ ಎಂದರು. ಎರಡು ದಿನ ಬಿಟ್ಟು ಎರಡನೆಯವನು ಬಂದ, ಅವನಿಗೂ ಕಾಫಿ, ಕೋಡುಬಳೆ, ಹೂಂ. ಮೂರನೆಯವಳು ಹೆಂಗಸು, ಅವಳಿಗೆ ರಾಯರ ಹೆಂಡತಿ ಕುಂಕುಮವನ್ನೂ ಇಟ್ಟು ಕಳಿಸಿದರು. ವಾರ ಕಳೆಯುವಷ್ಟರಲ್ಲಿ ಒಂದೇ ಮನೆಯ ಮುಂದೆ ಮೂರು ಪಕ್ಷದ ಬೋರ್ಡು. ಪಕ್ಕದ ಮನೆಯ ಇಟಲಿಯ ಮುದುಕ ಬೇಲಿಯ ಆಚೆಯಿಂದ ನನ್ನನ್ನು ಕರೆದು, ನಿಮ್ಮ ಮನೆಯಲ್ಲಿ ಜಗಳವೇನಾದರೂ ಆಗಿದೆಯೇ ಎಂದು ಗುಟ್ಟಾಗಿ ಕೇಳಿದ.

"ಪ್ರಶ್ನೆ ಕೇಳಿದ್ರಾ ಸಾರ್?" ಎಂದು ನಾನು ರಾಯರನ್ನು ಕೇಳಿದೆ.

"ಕೋಡುಬಳೆ ಬಾಯಲ್ಲಿಟ್ಕೊಂಡಿರೋ ಅತಿಥೀನ ಜವಾಬು ಕೇಳಕ್ಕಾಗತ್ತೇನ್ರೀ?" ಎಂದರು ರಾಯರು.

ಭಾನುವಾರ ಅಕ್ಕೋರು ಬಂದರು. ಬೈಗುಳ ಖಾತ್ರಿ ಎಂದು ನಾವೆಲ್ಲ ಕಾಯುತ್ತಿದ್ದೆವು. ಅವರು ಮೂರು ಬೋರ್ಡನ್ನೂ ನೋಡಿ, ಮೆಟ್ಟಿಲ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಒಳಗೆ ಹೋಗಿ ಮೂರೂ ಪಕ್ಷದ ಆಫೀಸಿಗೆ ಫೋನ್ ಮಾಡಿ, ನಿಮ್ಮ ಬೋರ್ಡು ನೆಟ್ಟ ಮನೆಯವರಿಗೆ ನಿಮ್ಮ ಹತ್ತಿರ ಒಂದು ಪ್ರಶ್ನೆಯಿದೆ ಎಂದು ತಿಳಿಸಿದರು. ಸಂಜೆ ಅಲ್ಲಿಂದ ಒಂದೊಂದೇ ಫೋನ್ ಬರತೊಡಗಿದಾಗ ರಾಯರು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಅಕ್ಕೋರೇ ಮಾತಾಡಿದರು. ಮೂವರೂ ಹೇಳಿದ್ದು ಒಂದೇ, ನೋಡೋಣ ಎಂದು.

ಅಕ್ಕೋರಿಗೆ ಆ 'ನೋಡೋಣ' ಸಾಕಾಗಿ ಹೋಗಿತ್ತು. ಫೋನಿನಲ್ಲಿ, ಬಾಗಿಲಲ್ಲಿ ಯಾರು ಏನು ಬೇಕಾದರೂ ಹೇಳುತ್ತಾರೆ. ನಾಲ್ಕು ಜನರ ಮುಂದೆ ಹೇಳಬೇಕು ಎಂಬುದು ಅವರ ಆಸೆ. ಅದಕ್ಕೆ ಒಂದೇ ದಾರಿ, ಮತದಾನಕ್ಕೆ ಮುಂಚೆ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ನಡೆಸುವ ಸಭೆ. ಬಂದವರು ತಮ್ಮ ಹೆಸರು ಬರೆದ ಚೀಟಿಯನ್ನು ಡಬ್ಬಿಗೆ ಹಾಕಬೇಕು. ಆರು ಚೀಟಿ ಎತ್ತುತ್ತಾರೆ. ಆ ಆರು ಜನರಿಗೆ ಮಾತ್ರ ಮೈಕು. ಹಿಂದಿನ ಚುನಾವಣೆಯಲ್ಲಿ ಅಕ್ಕೋರು ಸ್ಕಾರ್‌ಬರೋದ ಸುತ್ತಮುತ್ತ ಇಂಥ ಐದು ಸಭೆಗಳಿಗೆ ಹೋಗಿದ್ದರು, ಒಂದರಲ್ಲೂ ಅವರ ಚೀಟಿ ಬಂದಿರಲಿಲ್ಲ. ಈ ಸಲ ನಮ್ಮ ಕಡೆಯ ಸಭೆಗೆ ಎಂಟು ಜನ ಕನ್ನಡಿಗರನ್ನು ಹೊರಡಿಸಿದರು. ಎಂಟರಲ್ಲಿ ಒಂದಾದರೂ ಬರದೇ ಹೋದೀತೆ ಎಂಬ ಲೆಕ್ಕ.

ಮೂರು ಭಾನುವಾರ ನಮ್ಮ ಬೇಸ್‌ಮೆಂಟಿನಲ್ಲಿ ತಾಲೀಮು ನಡೆಯಿತು. ಸ್ಕಾರ್‌ಬರೋದಿಂದ ಬಸ್ಸು, ಸಬ್‌ವೇ, ಮತ್ತೆ ಬಸ್ಸು ಹಿಡಿದು ಎರಡು ಗಂಟೆ ಪ್ರಯಾಣ ಮಾಡಿ ಅಕ್ಕೋರು ಬರುತ್ತಿದ್ದರು. ಒಬ್ಬೊಬ್ಬರೂ ಎದ್ದು ನಿಂತು ಮೂರು ಸಲ ಪ್ರಶ್ನೆ ಒಪ್ಪಿಸಬೇಕು. "ಉಸುರು ತಗೊಂಡು ಕೇಳು ತಮ್ಮಾ. ಓಡಬ್ಯಾಡ. ಬಸ್ಸು ತಪ್ಪೂದಿಲ್ಲ" ಎಂದು ನನಗೆ ಹೇಳುತ್ತಿದ್ದರು. ನನಗೆ ಆ ಮೂರು ವಾಕ್ಯ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು.

ಸಭೆಯ ದಿನ ಮಧ್ಯಾಹ್ನ ನನಗೊಂದು ಪತ್ರ ಬಂತು. ಎಂಜಿನಿಯರ್ ಲೈಸೆನ್ಸಿಗೆ ನಾನು ಹಾಕಿದ್ದ ಅರ್ಜಿಗೆ ಉತ್ತರ. ಇಲ್ಲಿಯ ಅನುಭವ ಇಲ್ಲದೆ ಲೈಸೆನ್ಸಿಲ್ಲ. ಲೈಸೆನ್ಸಿಲ್ಲದೆ ನನಗೆ ಆ ಅನುಭವ ಕೊಡುವವರೂ ಯಾರೂ ಇರಲಿಲ್ಲ. ಇದೇ ಉತ್ತರ ಹಿಂದೆಯೂ ಎರಡು ಸಲ ಬಂದಿತ್ತು. ವತ್ಸಲಾ ಓದಿ ಟೀಪಾಯಿಯ ಮೇಲಿಟ್ಟಳು. ನಾನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಅವಳ ಜೊತೆ ಸಭೆಗೆ ಹೊರಟೆ. ಯಾಕೆ ಜೇಬಿಗೆ ಹಾಕಿಕೊಂಡೆ ಎಂದು ಈಗಲೂ ಹೇಳಲಾರೆ.

ಹೈಸ್ಕೂಲಿನ ಜಿಮ್ ತುಂಬಿತ್ತು. ಐದು ಚೀಟಿ ಹೋದವು. ಒಂದೂ ನಮ್ಮದಲ್ಲ. ಆರನೆಯದನ್ನು ಎತ್ತಿದ ನಿರೂಪಕ ಒಂದು ಹೆಸರನ್ನು ಮುರಿದು ಮೂರು ತುಂಡು ಮಾಡಿ ಕರೆದ. ಅದು ನನ್ನದು.

ಕುರ್ಚಿಗಳ ಸಾಲಿನ ನಡುವೆ ಇಟ್ಟಿದ್ದ ಮೈಕಿನ ಮುಂದೆ ನಿಂತೆ. ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕೋರು ಪೂರ್ತಿ ಹಿಂದಕ್ಕೆ ತಿರುಗಿದ್ದರು. ಇನ್‌ಸ್ಪೆಕ್ಟರ್ ಬಂದ ದಿನ ಮಕ್ಕಳು ಪಾಠ ಒಪ್ಪಿಸುವಾಗ ಮಾಡುತ್ತಿದ್ದಿರಬೇಕು, ಹಾಗೆ ಅವರ ತುಟಿ ನನ್ನ ಜೊತೆ ಅಲ್ಲಾಡಲು ಸಿದ್ಧವಾಗಿತ್ತು. ಅವರು ಹೇಳಿಕೊಟ್ಟ ಹಾಗೆ ಉಸಿರು ತೆಗೆದುಕೊಂಡೆ. ಬಾಯಿ ತೆರೆದೆ. ಬಂದದ್ದು ನನ್ನ ಲೈಸೆನ್ಸಿನ ಮಾತು. ನಾನು ಎಂಜಿನಿಯರ್, ಎಂಟು ಸೇತುವೆ ಕಟ್ಟಿದ್ದೇನೆ, ಈಗ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತೇನೆ, ನನ್ನಂಥವರಿಗೆ ನೀವು ಏನು ಮಾಡುತ್ತೀರಿ ಎಂದು ಕೇಳಿದೆ. ಎಲ್ಲಿಯೂ ತಡವರಿಸಲಿಲ್ಲ. ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿ ಹೊರಬಂದದ್ದು ಅದೇ ಮೊದಲು.

ಮೊದಲ ಅಭ್ಯರ್ಥಿ ಬಹಳ ಮರುಕದಿಂದ ತಲೆಯಾಡಿಸಿ, ಒಳ್ಳೆಯ ಪ್ರಶ್ನೆ, ಆದರೆ ಲೈಸೆನ್ಸು ಪ್ರಾಂತ್ಯ ಸರ್ಕಾರದ ವಿಷಯ, ನಾವು ನಿಂತಿರುವುದು ಕೇಂದ್ರದ ಚುನಾವಣೆಗೆ ಎಂದ. ಉಳಿದಿಬ್ಬರೂ ಹೌದು ಹೌದು ಎಂದರು. ಇಡೀ ಸಭೆಯಲ್ಲಿ ಮೂವರೂ ಒಪ್ಪಿದ್ದು ಅದೊಂದೇ ಮಾತು. ಎರಡು ವರ್ಷ ಈ ದೇಶದಲ್ಲಿದ್ದು ಯಾವ ಸರ್ಕಾರಕ್ಕೆ ಯಾವ ಕೆಲಸ ಎಂಬುದೂ ಗೊತ್ತಿಲ್ಲದ ನಾನು, ಅಕ್ಕೋರು ನಾಲ್ಕು ವರ್ಷ ಕಾದಿದ್ದ ಮೈಕನ್ನು ಹಿಡಿದು, ತಪ್ಪು ಕಿಟಕಿಯಲ್ಲಿ ಟಿಕೇಟು ಕೇಳಿದ್ದೆ. ಸಭೆ ಮುಗಿಯಿತು ಎಂದರು. ಚಪ್ಪಾಳೆ ತಟ್ಟಿದವರು ಒಬ್ಬರೇ. ನೋಡಿದರೆ ಅಕ್ಕೋರು.

ಕಿಪ್ಲಿಂಗ್ ಸಬ್‌ವೇ ಸ್ಟೇಷನ್‌ವರೆಗೆ ಅವರನ್ನು ಬಿಡಲು ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳಬೇಕು ಎಂದುಕೊಂಡೆ. ಚೀಟಿ ನನ್ನದೇ ಅಲ್ಲವೇ, ಹೆಸರು ನನ್ನದೇ ಅಲ್ಲವೇ, ಕ್ಷಮೆ ಯಾಕೆ ಎಂದೂ ಅನ್ನಿಸಿತು. ಇಳಿಯುವಾಗ ಅವರು, "ಪೂರ್ತಿ ವಾಕ್ಯ ಹೇಳಿದಿ ನೋಡು. ಛಲೋ ಕೇಳಿದಿ" ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಹೊಗಳಿದರೋ, ಚುಚ್ಚಿದರೋ?

ಎಂಟು ದಿನ ಬಿಟ್ಟು ಅಕ್ಕೋರ ಫೋನ್ ಬಂತು. "ನಿಮ್ಮ ಪ್ರಾಂತ್ಯದ ಮೆಂಬರ್ ಇದ್ದಾನಲ್ಲ, ಅವನ ಆಫೀಸಿನ್ಯಾಗ ಟೈಮ್ ತಗೊಂಡೀನಿ. ಗುರುವಾರ ಹತ್ತು ಗಂಟೆ. ಸರ್ಟಿಫಿಕೇಟ್ ಎಲ್ಲಾ ತಗೊಂಡು ಬಾ." ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಅಲ್ಲಿಯ ಸಹಾಯಕನನ್ನು ಕೂರಿಸಿ, ಒಂದೂವರೆ ಗಂಟೆ, ಪೂರ್ತಿ ವಾಕ್ಯಗಳಲ್ಲಿ ಉತ್ತರ ಹೇಳಿಸಿದರು. ಆತ ಒಂದು ಕಂಪನಿಯ ಹೆಸರು ಕೊಟ್ಟ. ಅಲ್ಲಿ ನಕ್ಷೆ ಬಿಡಿಸುವ ಸಣ್ಣ ಕೆಲಸ ಸಿಕ್ಕಿತು, ಆ ಅನುಭವ ಲೆಕ್ಕಕ್ಕೆ ಬಂತು, ಕೆಲವು ವರ್ಷಕ್ಕೆ ಲೈಸೆನ್ಸೂ ಬಂತು. ಅಕ್ಕೋರು ಸ್ಕಾರ್‌ಬರೋದ ಯಾವುದೋ ಪ್ಲಾಜಾದ ಪಂಜಾಬಿ ಅಂಗಡಿಯಿಂದ ಪೇಡಾ ತಂದರು. "ಇದು ಪೇಡಾ ಅಲ್ಲ. ಆದ್ರ ಇವತ್ತು ಪೇಡಾ ಅಂತ ತಿಳಕೊಂಡು ತಿನ್ನು" ಎಂದು ಬಾಯಿಗೇ ಇಟ್ಟರು. ನನಗೆ ಅಳು ಬಂತು. ವತ್ಸಲಾ ಅಂತೂ ಅತ್ತೇಬಿಟ್ಟಳು.

ಆದರೆ ಒಂದು ಮಾತು. ಆಮೇಲಿನ ಯಾವ ಚುನಾವಣೆಯಲ್ಲೂ ಅವರು ನನಗೆ ಪ್ರಶ್ನೆ ಕೇಳು ಎಂದು ಹೇಳಲಿಲ್ಲ. ವತ್ಸಲಾಳಿಗೆ ಹೇಳಿದರು, ರಾಯರಿಗೆ ಹೇಳಿದರು, ಆ ಇಟಲಿಯ ಮುದುಕನನ್ನೂ ಬಿಡಲಿಲ್ಲ. ನಾನು ಕಾರು ಓಡಿಸುವವನು ಮಾತ್ರ. ನಮಗೆ ಪೌರತ್ವ ಸಿಕ್ಕಿತು, ವೋಟು ಬಂತು, ಇನ್ನೂ ಪಶ್ಚಿಮಕ್ಕೆ ಮಿಲ್ಟನ್‌ನಲ್ಲಿ ಹೊಸ ಬಡಾವಣೆಯಲ್ಲಿ ಮನೆಯಾಯಿತು. ಅಲ್ಲಿಂದ ಸ್ಕಾರ್‌ಬರೋಗೆ ಹೋಗಿ ಕರೆತಂದು, ಸಭೆ ಮುಗಿದ ಮೇಲೆ ವಾಪಸು ಬಿಟ್ಟು ಬರುತ್ತಿದ್ದೆ. ಎರಡು ಸಾವಿರದ ನಾಲ್ಕರಲ್ಲಿ ತಡೆಯಲಾಗದೆ, "ಈ ಸಲ ನಾನು ಕೇಳ್ತೀನಿ ಅಕ್ಕೋರೆ, ಚೀಟಿ ಕೊಡಿ" ಎಂದೆ.

"ನೀ ಕೇಳಿ ಆಗೇತಲ್ಲ ತಮ್ಮಾ" ಎಂದರು. ಕಿಟಕಿಯ ಆಚೆ ನೋಡುತ್ತಿದ್ದರು.

ಆ ಮಾತು ಚಾಟಿಯೇಟು ಬಿದ್ದ ಹಾಗಾಯಿತು. ಏಳು ವರ್ಷವಾದರೂ ಮರೆತಿಲ್ಲ, ಕ್ಷಮಿಸಿಲ್ಲ ಎಂದುಕೊಂಡೆ. ಸ್ವಲ್ಪ ಸಿಟ್ಟೂ ಬಂತು. ಹಾಗಿದ್ದರೆ ನನ್ನ ಕೆಲಸಕ್ಕೆ ಯಾಕೆ ಓಡಾಡಿದರು, ಪೇಡಾ ಯಾಕೆ ತಿನ್ನಿಸಿದರು? ಮುಂದೆ ಆ ವಿಷಯ ನಾನೂ ಎತ್ತಲಿಲ್ಲ. ಕೊನೆಯ ಚುನಾವಣೆಯ ಹೊತ್ತಿಗೆ ಅವರಿಗೆ ಕಾಯಿಲೆ ಜೋರಾಗಿತ್ತು. ಆಸ್ಪತ್ರೆಯ ಹಾಸಿಗೆಯಿಂದಲೇ ಅಭ್ಯರ್ಥಿಗಳಿಗೆ ಫೋನ್ ಮಾಡುತ್ತಿದ್ದರಂತೆ. ನಾನು ನೋಡಲು ಹೋದಾಗ ಹವಾಮಾನ, ಮಕ್ಕಳು, ಮಿಲ್ಟನ್‌ನ ಟ್ರಾಫಿಕ್ಕು ಎಲ್ಲ ಮಾತಾಡಿದೆವು. ಆ ಒಂದು ಮಾತು ಬಿಟ್ಟು.

ಅವರ ನೆನಪಿನ ಸಭೆ ಸ್ಕಾರ್‌ಬರೋದ ಚರ್ಚೊಂದರ ಹಾಲಿನಲ್ಲಿ ನಡೆಯಿತು. ಅವರ ಗುಂಪಿನವರೇ ಮಾಡಿದ್ದು. ನಾನು ಹಿಂದೆ ಕೂರಲು ಹೋಗುತ್ತಿದ್ದಾಗ ಮಾರ್ಗರೆಟ್ ಕೋಲೂರಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಅವಳನ್ನು ದೂರದಿಂದ ನೋಡಿದ್ದೆನೇ ಹೊರತು ಮಾತಾಡಿದವನಲ್ಲ. ನೀನೇ ಅಲ್ಲವೇ ಆ ಎಂಜಿನಿಯರ್ ಎಂದಳು. ನಮಗೆ ಯಾವಾಗ ಬೇಸರವಾದರೂ ನಿಮ್ಮ ಅಕ್ಕೋರು ನಿನ್ನ ಕಥೆ ಹೇಳುತ್ತಿದ್ದರು. ವೋಟಿಲ್ಲದ, ಸರಿಯಾದ ಕೆಲಸವಿಲ್ಲದ ಹೊಸಬ, ತನ್ನ ಕಷ್ಟದ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡೇ ಎದ್ದು ನಿಂತು, ನಾನೂರು ಜನರ ಮುಂದೆ, ಯಾವುದೋ ದೇಶದ ಬಡವರಿಗಾಗಿ ನಮ್ಮ ಪ್ರಶ್ನೆ ಕೇಳಿದ ಎಂದು. ಅದನ್ನು ಕೇಳಿದ ಮೇಲೆ ನಮಗೆ ಮನೆಗೆ ಹೋಗಿ ಮಲಗಲು ನಾಚಿಕೆಯಾಗುತ್ತಿತ್ತು ಎಂದಳು.

ಆ ಸಭೆಗೆ ಸ್ಕಾರ್‌ಬರೋ ಗುಂಪಿನಿಂದ ಬಂದಿದ್ದವರು ಅಕ್ಕೋರೊಬ್ಬರೇ. ಅಲ್ಲಿ ನಡೆದದ್ದನ್ನು ಅವರು ಹೇಳಿದಂತೆಯೇ ಇವರೆಲ್ಲ ನಂಬಿದ್ದರು. ಪಾದ್ರಿಯೂ ಬಂದು ಬೆನ್ನು ತಟ್ಟಿದ. ಆಮೇಲೆ ಅಕ್ಕೋರ ಮಗಳು ಬಂದಳು. ನೆನಪಿನ ಪುಸ್ತಿಕೆಯೊಂದನ್ನು ಮಾಡುತ್ತಿದ್ದಾಳಂತೆ, ಅದರಲ್ಲಿ ನನ್ನ ಪ್ರಶ್ನೆಗೆ ಒಂದು ಪುಟ ಇಟ್ಟಿದ್ದಾಳಂತೆ. ಆವತ್ತು ನೀವು ಸರಿಯಾಗಿ ಯಾವ ಮಾತುಗಳಲ್ಲಿ ಕೇಳಿದಿರಿ ಅಂಕಲ್, ನೆನಪಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿ, ಪೆನ್ನು ತೆಗೆದು ನಿಂತಳು.

ನೆನಪಿತ್ತು. ಆ ಮೂರು ವಾಕ್ಯಗಳನ್ನು ಒಪ್ಪಿಸಿದೆ. ನಿಧಾನವಾಗಿ, ಓಡದೆ. ಅವಳು ಬರೆದುಕೊಂಡು, ಥ್ಯಾಂಕ್ಸ್ ಅಂಕಲ್ ಎಂದು ನನ್ನನ್ನು ತಬ್ಬಿಕೊಂಡಳು.

ವಾಪಸು ಬರುವಾಗ ಕಾರಿನಲ್ಲಿ ವತ್ಸಲಾಳನ್ನು, ಜೇಬಿನ ಕಾಗದದ ವಿಷಯ ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ. "ನಾನೇ ಹೇಳಿದ್ದೆ ರೀ, ಸಭೆ ಶುರುವಾಗೋಕೆ ಮುಂಚೆ. ಹಂಗಾದ್ರ ಇವತ್ತು ಅವನ ಚೀಟಿ ಬರಬಾರದವಾ ಅಂದಿದ್ರು" ಎಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ನೀವು ಯಾವತ್ತು ಕೇಳಿದ್ರಿ ಎಂದಳು.

ಅಂದಿನಿಂದ ಯೋಚಿಸುತ್ತಿದ್ದೇನೆ. ನನ್ನ ಮಾನ ಉಳಿಸಲು ಹಾಗೆ ಹೇಳಿದರೇ? ಅಥವಾ ನಾಲ್ಕು ವರ್ಷ ಕಾದು ಕೈಗೆ ಬಂದದ್ದು ಜಾರಿಹೋಯಿತು ಎಂದು ತಮ್ಮವರಿಗೆ ಹೇಳಲು ಅವರಿಗೇ ಬಾಯಿ ಬರಲಿಲ್ಲವೇ? ಕಿಟಕಿಯ ಆಚೆ ನೋಡುತ್ತ 'ನೀ ಕೇಳಿ ಆಗೇತಲ್ಲ' ಎಂದಾಗ ನನ್ನನ್ನು ಚುಚ್ಚಿದ್ದೋ, ಅಥವಾ ಅಷ್ಟು ಸಲ ಹೇಳಿ ಹೇಳಿ ಅವರಿಗೂ ಅದು ನಿಜವೇ ಆಗಿಬಿಟ್ಟಿತ್ತೋ? ಒಂದು ದಿನ ಒಂದು ಸರಿ ಅನ್ನಿಸುತ್ತದೆ, ಮರುದಿನ ಇನ್ನೊಂದು.

ಮಾರ್ಗರೆಟ್ ಇದನ್ನು ಓದಲಾರಳು, ಪಾದ್ರಿಯೂ ಓದಲಾರ. ಕನ್ನಡದಲ್ಲಿ ಎರಡು ಪುಟಕ್ಕೆ ನಾನು ಅಷ್ಟು ಬೇಗ ಒಪ್ಪಿಕೊಂಡದ್ದು ಅದೇ ಧೈರ್ಯದಿಂದ ಎಂದು ಈಗ ಗೊತ್ತಾಗುತ್ತಿದೆ. ತಪ್ಪು ಹೇಳಿಕೊಂಡ ಹಾಗೂ ಆಯಿತು, ತಿಳಿಯಬೇಕಾದವರಿಗೆ ತಿಳಿಯದ ಹಾಗೂ ಆಯಿತು. ಆದರೆ ಅಕ್ಕೋರು ತಮ್ಮ ಮಗಳಿಗೆ ಹಟ ಹಿಡಿದು ಕನ್ನಡ ಓದಲು ಕಲಿಸಿದ್ದರು. ನೀನು ಓದುತ್ತೀ, ಮಗಳೇ. ಪುಸ್ತಿಕೆ ಇನ್ನೂ ಅಚ್ಚಿಗೆ ಹೋಗಿಲ್ಲದಿದ್ದರೆ ಆ ಪುಟ ತೆಗೆದುಬಿಡು. ನಾನು ಕೇಳಲಿಲ್ಲ. ನಿನ್ನ ಅಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹಾಗೆ ಹೇಳಿದರು ಎಂದು ನಿನಗೇನಾದರೂ ತಿಳಿದಿದ್ದರೆ, ನನಗೆ ಒಂದು ಫೋನ್ ಮಾಡು.